ಪರಾತದೊಳಗಿನ ಕೆರೆ

"ಕಾಲು ಎತ್ತಬ್ಯಾಡ ಕಣವ್ವ. ಎತ್ತಿದ್ರೆ ಕೆಸರು ಹಿಡ್ಕೊಂತೈತೆ. ಜಾರಿಸ್ಕೊಂಡು ಬಾ," ಎಂದಳು ಮುನಿಯಕ್ಕ.

ಅವಳು ಹೇಳಿ ಮುಗಿಸುವಷ್ಟರಲ್ಲಿ ಸುಪ್ರಜಾ ಕಾಲೆತ್ತಿ ಆಗಿತ್ತು. ಕಾಲೇನೋ ಬಂತು, ಚಪ್ಪಲಿ ಬರಲಿಲ್ಲ. ಮುನಿಯಕ್ಕ ಮೊಣಕೈವರೆಗೂ ಕೆಸರಿಗೆ ಕೈ ಹಾಕಿ, ಚಪ್ಪಲಿಯನ್ನು ಹುಡುಕಿ ತೆಗೆದು ದಡಕ್ಕೆ ಎಸೆದಳು. ಇನ್ನೊಂದನ್ನೂ ಬಿಚ್ಚಿಸಿ ಎಸೆದಳು.

ಬರಿಗಾಲಲ್ಲಿ ನಿಂತ ಮೇಲೆ ಸುಪ್ರಜಾಗೆ ಗೊತ್ತಾಯಿತು, ಕೆರೆಯ ನೀರು ಮೇಲೆ ಬೆಚ್ಚಗಿದೆ, ಕೆಳಗೆ ಕೆಸರು ತಣ್ಣಗಿದೆ. ಬೆರಳ ಸಂದಿಯಲ್ಲಿ ಕೆಸರು ಮೆಲ್ಲಗೆ ಮೇಲೆ ಬರುತ್ತಿತ್ತು. ಮೊದಲು ಅಸಹ್ಯ ಅನ್ನಿಸಿತು. ಎರಡು ನಿಮಿಷ ಕಳೆದ ಮೇಲೆ ಬೇಕು ಬೇಕು ಅನ್ನಿಸಿತು.

ಬಸವನಗುಡಿಯ ಹುಡುಗಿ ದಸರಾ ರಜೆಯ ಭಾನುವಾರ ಬೆಳಿಗ್ಗೆ ಗಂಗಸಂದ್ರದ ಕೆರೆಯಲ್ಲಿ ಯಾಕೆ ನಿಂತಿದ್ದಳು ಅಂತ ನೀವು ಕೇಳಬಹುದು. ಅದಕ್ಕೆ ಹೋದ ವರ್ಷದ ಗೊಂಬೆ ಹಬ್ಬಕ್ಕೆ ಹೋಗಬೇಕು.

ಸುಪ್ರಜಾಳ ಮನೆಯಲ್ಲಿ ನವರಾತ್ರಿಗೆ ಒಂಬತ್ತು ಮೆಟ್ಟಿಲ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲುಗಳೆಲ್ಲ ಅಜ್ಜಿ ಸರಸ್ವತಮ್ಮನ ರಾಜ್ಯ. ಪಟ್ಟದ ಗೊಂಬೆ ಎಲ್ಲಿ, ಶೆಟ್ಟರ ಗೊಂಬೆ ಎಲ್ಲಿ ಅಂತ ಅಜ್ಜಿಯೇ ಹೇಳಬೇಕು. ಕೆಳಗೆ ನೆಲದ ಮೇಲೆ ಮಾಡುವ 'ಪಾರ್ಕ್' ಮಾತ್ರ ಸುಪ್ರಜಾಳದು. ವಾರ ಮೊದಲೇ ರಾಗಿ ಚೆಲ್ಲಿ ಮೊಳಕೆ ಬರಿಸಿ ಹೊಲ ಮಾಡುತ್ತಾಳೆ. ಹೋದ ವರ್ಷ ಅದರ ನಡುವೆ ಒಂದು ಕನ್ನಡಿ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹಂಸ ಬಿಟ್ಟು, ಕೆರೆ ಅಂದಿದ್ದಳು.

ಬೀದಿಯ ಮಹಿಳಾ ಸಮಾಜದವರು ಪ್ರತಿ ವರ್ಷ ಮನೆ ಮನೆಗೆ ಬಂದು ಗೊಂಬೆ ನೋಡಿ ಪ್ರೈಜ್ ಕೊಡುತ್ತಾರೆ. ಹೋದ ವರ್ಷ ಪ್ರೈಜ್ ಪಕ್ಕದ ಮನೆಯ ಸಮರ್ಥನಿಗೆ ಹೋಯಿತು. ಅವನು ಆಸ್ಪತ್ರೆಯ ಡ್ರಿಪ್ ಟ್ಯೂಬ್ ಇಟ್ಟು ನಿಜವಾದ ಫೌಂಟನ್ ಹಾರಿಸಿದ್ದ.

ಅದಕ್ಕಿಂತ ಸುಪ್ರಜಾಗೆ ಚುಚ್ಚಿದ್ದು ಮುನಿಯಕ್ಕನ ಮಾತು. ಮುನಿಯಕ್ಕ ಇಪ್ಪತ್ತು ವರ್ಷದಿಂದ ಅವರ ಮನೆಗೆ ಸೊಪ್ಪು ತರುವವಳು. ಗೊಂಬೆ ನೋಡಲು ಒಳಗೆ ಬಂದು, ಕನ್ನಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದ್ಯಾವ ಕೆರೆ ತಾಯಿ? ಕೆಸರಿಲ್ಲ, ಜೊಂಡಿಲ್ಲ, ವಾಸ್ನೆ ಇಲ್ಲ. ಮುಖ ನೋಡ್ಕಳಕ್ಕೆ ಚೆನ್ನಾಗೈತೆ," ಅಂದುಬಿಟ್ಟಿದ್ದಳು.

ಆ ಮಾತು ಒಂದು ವರ್ಷ ಸುಪ್ರಜಾಳ ತಲೆಯಲ್ಲೇ ಕೂತಿತ್ತು. ಈ ಸಲ ಹಿತ್ತಾಳೆ ಪರಾತದಲ್ಲಿ ನಿಜವಾದ ಕೆರೆಯನ್ನೇ ಮಾಡುತ್ತೇನೆ, ನಿಮ್ಮ ಊರಿನ ಜೊಂಡು ಬೇಕು ಅಂತ ಮುನಿಯಕ್ಕನಿಗೆ ಗಂಟುಬಿದ್ದಳು. ಹಾವು, ನೀರು, ಬಿಸಿಲು ಅಂತ ಅಮ್ಮ ಏನೇನೋ ಹೇಳಿದಳು. ಅಜ್ಜಿ ಮಾತ್ರ, ಮುನಿಯಕ್ಕನ ಜೊತೆ ತಾನೇ, ಹೋಗಿ ಬರಲಿ ಬಿಡು ಅಂದಳು. ಹಬ್ಬದ ದಿನಗಳಲ್ಲಿ ಮುನಿಯಕ್ಕ ಬೆಳಿಗ್ಗೆ ಸೊಪ್ಪು ಮಾರಿ ಊರಿಗೆ ಹೋಗಿ, ಮಧ್ಯಾಹ್ನ ಸೇವಂತಿಗೆ ಹೂವಿನ ಬುಟ್ಟಿಯೊಂದಿಗೆ ಮತ್ತೆ ಪೇಟೆಗೆ ಬರುತ್ತಿದ್ದಳು. ಆ ನಡುವಿನ ಸಮಯದಲ್ಲಿ ಕೆರೆ. ಬನಶಂಕರಿ ದಾಟಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಕೆರೆ ಅಂದರೆ ಲಾಲ್‌ಬಾಗಿನ ಕೆರೆಯ ಹಾಗೆ ಇರುತ್ತದೆ ಅಂದುಕೊಂಡಿದ್ದಳು ಸುಪ್ರಜಾ. ಇಲ್ಲಿ ನೀರು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯಲಿಲ್ಲ. ಹುಲ್ಲು ಇತ್ತು, ಆಮೇಲೆ ಒದ್ದೆ ಹುಲ್ಲು, ಆಮೇಲೆ ನೀರಲ್ಲಿ ನಿಂತ ಹುಲ್ಲು, ಆಮೇಲೆ ಅವಳಿಗಿಂತ ಎತ್ತರದ ಜೊಂಡು. ಅದರಾಚೆ ತಾವರೆ ಎಲೆಗಳು. ನಿಜವಾದ ನೀರು ದೂರದಲ್ಲಿ ಏರಿಯ ಹತ್ತಿರ ಬಿಸಿಲಿಗೆ ಹೊಳೆಯುತ್ತಿತ್ತು.

ಇನ್ನು ಅಲ್ಲಿನ ಸದ್ದೋ! ಊರ ಕಡೆಯಿಂದ ಒಂದು ಸದ್ದಿಲ್ಲ, ಆದರೆ ಜೊಂಡಿನೊಳಗೆ ಒಂದು ಇಡೀ ಸ್ಕೂಲು ಲಂಚ್‌ಗೆ ಬಿಟ್ಟಂತಿತ್ತು. ಕೀಚ್ ಕೀಚ್, ಕ್ರಾಂಕ್ ಕ್ರಾಂಕ್, ಟಪ್. ಈಚಲ ಮರದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಜೊಂಡಿನ ತುದಿಗೆ ಏರೋಪ್ಲೇನ್ ಚಿಟ್ಟೆ ಕೂತಿತ್ತು, ಮೈಯೆಲ್ಲ ಕೆಂಪು. ಒಂದು ನೀರುಹಾವು ತಲೆ ಎತ್ತಿಕೊಂಡು ಅವರ ಮುಂದೆಯೇ ಈಜಿ ಹೋಯಿತು. ಅದು ಏನೂ ಮಾಡಲ್ಲ, ತನ್ನ ಕೆಲಸಕ್ಕೆ ಹೋಗುತ್ತಿದೆ ಅಂತ ಮುನಿಯಕ್ಕ ಹೇಳಿದಳು. ಅಮ್ಮನಿಗೆ ಇದನ್ನು ಹೇಳಬಾರದು ಅಂತ ಸುಪ್ರಜಾ ಅಲ್ಲೇ ತೀರ್ಮಾನಿಸಿದಳು.

ಮುನಿಯಕ್ಕ ಒಂದೊಂದನ್ನೇ ತೋರಿಸಿದಳು. ಕೆಂಪು ಕಾಲು ಎತ್ತಿಟ್ಟು ನಡೆಯುವ ನೀಲಿ ಹಕ್ಕಿ ಜಂಬುಕೋಳಿ. ತಾವರೆ ಎಲೆ ಮೇಲೆ ಮುಳುಗದೆ ಓಡುವುದು ದೇವನಕ್ಕಿ, ಅದರ ಬೆರಳು ಅಷ್ಟುದ್ದ. ನೀರಲ್ಲಿ ನಿಂತಿದ್ದ ಒಣ ಜಾಲಿಮರದ ಮೇಲೆ ಮಿಂಚುಳ್ಳಿ.

"ಅಲ್ನೋಡು, ಗುಳುಮುಳುಕ. ಅದು ಮುಳುಗಿದಾಗ ಎಣಿಸ್ಬೇಕು. ನಾವು ಚಿಕ್ಕೋರಿದ್ದಾಗ ಇದೇ ಆಟ," ಎಂದಳು.

ಮುಷ್ಟಿಯಷ್ಟೇ ದಪ್ಪದ ಕಂದು ಹಕ್ಕಿ. ಬಾಲವೇ ಇಲ್ಲ. ಇವರನ್ನು ನೋಡಿದ್ದೇ ತಡ, ನೀರ ಮೇಲೆ ಇರಲೇ ಇಲ್ಲ. ಇಬ್ಬರೂ ಎಣಿಸಿದರು. ಒಂದು, ಎರಡು, ಮೂರು... ಹದಿನಾಲ್ಕಕ್ಕೆ ಅದು ಎಲ್ಲೋ ದೂರದಲ್ಲಿ ಟುಪುಕ್ ಅಂತ ಎದ್ದಿತು. ಎಲ್ಲಿ ಏಳುತ್ತದೆ ಅಂತ ಹೇಳಲು ಯಾರಿಂದಲೂ ಆಗಲ್ಲ ಅಂದಳು ಮುನಿಯಕ್ಕ. ಸುಪ್ರಜಾಗೆ ಅಂಥ ಹಕ್ಕಿ ಇಷ್ಟವಾಗದೆ ಇರುತ್ತದೆಯೇ?

ಮುನಿಯಕ್ಕ ಕುಡುಗೋಲು ಹಿಡಿದು ಜೊಂಡು ಕೊಯ್ಯಲು ಬಗ್ಗಿದಳು. ಸುಪ್ರಜಾ ಪ್ಲಾಸ್ಟಿಕ್ ಬೇಸಿನ್‌ಗೆ ಒಂದಿಷ್ಟು ಕೆಸರು ತುಂಬಿ ಹಿಡಿದು, ಕಾಲು ಜಾರಿಸಿಕೊಂಡು, ಜಾಲಿಮರದ ಹತ್ತಿರ ಬಂದಳು. ಅಲ್ಲಿಯೂ ನೀರು ಮೊಣಕಾಲವರೆಗೇ ಇತ್ತು.

ಅಲ್ಲಿ ಅವಳಿಗೆ ಅದು ಕಂಡಿತು. ಜೊಂಡಿನ ಅಂಚಿನಲ್ಲಿ ತೇಲುತ್ತಿದ್ದ ಒಂದು ಪುಟ್ಟ ದ್ವೀಪ. ಊಟದ ತಟ್ಟೆಯಷ್ಟು ಅಗಲ. ಕೊಳೆತ ದಂಟು, ಹಸಿ ಪಾಚಿ, ಎಲ್ಲ ಸೇರಿ ಗುಡ್ಡೆಯಾಗಿತ್ತು. ಪರಾತದ ಕೆರೆಯ ನಡುವೆ ಇದನ್ನು ತೇಲಿಬಿಟ್ಟರೆ! ಡ್ರಿಪ್ ಟ್ಯೂಬಿನ ಫೌಂಟನ್ ಯಾವ ಮೂಲೆಗೆ?

ಎತ್ತಿದಳು. ಅದು ಅಲ್ಲಾಡಿತು, ಬರಲಿಲ್ಲ. ಅಡಿಯಲ್ಲಿ ಪಾಚಿಯ ಎಳೆಗಳು ನಾಲ್ಕೈದು ಜೊಂಡಿನ ದಂಟಿಗೆ ಸುತ್ತಿಕೊಂಡಿದ್ದವು. ಸಿಕ್ಕಿಹಾಕಿಕೊಂಡಿದೆ ಪಾಪ ಅಂತ ಬಿಡಿಸಿದಳು. ಬೇಸಿನ್‌ಗೆ ಹಾಗೇ ಜಾರಿಸಿಕೊಂಡು, ಮನೆಗೆ ಹೋಗುವವರೆಗೂ ಯಾರಿಗೂ ಕಾಣಬಾರದು ಅಂತ ಮೇಲೆ ತಾವರೆ ಎಲೆ ಮುಚ್ಚಿದಳು.

ಅಷ್ಟು ಹೊತ್ತೂ ಗುಳುಮುಳುಕ ಅವಳ ಸುತ್ತಲೇ ಇತ್ತು. ಟಿರ್ರ್ರ್ ಅಂತ ಒಂದೇ ಸಮನೆ ಕೂಗುತ್ತಾ ಹತ್ತಿರ ಬಂತು, ಮುಳುಗಿತು, ಇನ್ನೊಂದು ಕಡೆ ಎದ್ದಿತು, ಮತ್ತೆ ಕೂಗಿತು. ತನ್ನ ಜೊತೆ ಆಟಕ್ಕೆ ಬಂದಿದೆ ಅಂತ ಸುಪ್ರಜಾಗೆ ಹೇಳಲಾರದಷ್ಟು ಖುಷಿಯಾಯಿತು. ಹೊರಡುವಾಗ ಅದಕ್ಕೆ ಟಾಟಾ ಮಾಡಿದಳು.

ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಓಡುವ ಗಡಿಬಿಡಿ. ಮುನಿಯಕ್ಕನ ತಲೆ ಮೇಲೆ ಹೂವಿನ ಬುಟ್ಟಿ, ಕಂಕುಳಲ್ಲಿ ಜೊಂಡಿನ ಕಟ್ಟು. ಸುಪ್ರಜಾಳ ತೊಡೆ ಮೇಲೆ ಬೇಸಿನ್. ಎಲೆಯ ಕೆಳಗೆ ಏನಿದೆ ಅಂತ ಮುನಿಯಕ್ಕ ಕೇಳಿದಾಗ, ಸರ್ಪ್ರೈಸ್ ಅಂದಳು.

ಮನೆಗೆ ಬಂದವಳೇ ಹಿತ್ತಾಳೆ ಪರಾತದಲ್ಲಿ ಕೆಸರು ಹರಡಿ, ನೀರು ತುಂಬಿಸಿ, ಸುತ್ತಲೂ ಜೊಂಡು ಸಿಕ್ಕಿಸಿದಳು. ನಡುವೆ ದ್ವೀಪ ಬಿಟ್ಟಳು. ಅಮ್ಮ ಮೂಗು ಮುಚ್ಚಿಕೊಂಡು ಬಂದು ನೋಡಿ, ಮೂಗು ಬಿಟ್ಟು ನಿಂತಳು. ಕೆಸರಿಂದ ಒಂದು ಬಸವನಹುಳು ಎದ್ದು ಜೊಂಡು ಹತ್ತುತ್ತಿತ್ತು. ಯಾರ ಮನೆಯ ಗೊಂಬೆಯಲ್ಲೂ ಇಂಥ ಕೆರೆ ನೋಡಿಲ್ಲ ಅಂದಳು. ಅದೂ ಅಮ್ಮ!

ಮೂರು ಗಂಟೆಗೆ ಸಮರ್ಥ ಬಂದ. ಐದಕ್ಕೆ ಮಹಿಳಾ ಸಮಾಜದವರು ಬರುವವರಿದ್ದರು. ಅವನು ಹೊಟ್ಟೆಕಿಚ್ಚು ಪಡುವ ಹುಡುಗನಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುವವನು. ಪರಾತದ ಸುತ್ತ ಎರಡು ಸಲ ತಿರುಗಿ, ದ್ವೀಪದ ಮೇಲಿನ ಪಾಚಿಯನ್ನು ಒಂದು ಬೆರಳಿಂದ ಸರಿಸಿದ.

"ಲೇ ಸುಪ್ಪಿ," ಎಂದ ಮೆಲ್ಲಗೆ. "ಇದ್ರೊಳಗೆ ಮೊಟ್ಟೆ ಇದೆ."

ನಾಲ್ಕು ಇದ್ದವು. ಕೋಳಿಮೊಟ್ಟೆಗಿಂತ ಚಿಕ್ಕವು, ಮಾಸಿದ ಬಿಳಿ, ಅಲ್ಲಲ್ಲಿ ಪಾಚಿಯ ಕಂದು ಬಣ್ಣ ಅಂಟಿತ್ತು.

ಇಬ್ಬರೂ ಅಡುಗೆಮನೆಯ ಕಡೆ ನೋಡಿದರು. ಈ ಮನೆಯಲ್ಲಿ ಬೇಕರಿ ಕೇಕ್ ತಿಂದು ಬಂದರೂ ಅಜ್ಜಿ ಬಾಯಿ ತೊಳೆಸುತ್ತಾಳೆ. ಅಂಥ ಮನೆಯಲ್ಲಿ, ನವರಾತ್ರಿಯಲ್ಲಿ, ಪಟ್ಟದ ಗೊಂಬೆಯ ಮುಂದೆ ನಾಲ್ಕು ಹಸಿ ಮೊಟ್ಟೆ!

ಸಮರ್ಥ ಕಿವಿಯ ಹತ್ತಿರ ಬಂದು ಹೇಳಿದ. ಈಗ ಮುಚ್ಚಿಬಿಡು, ಯಾರಿಗೂ ಹೇಳಬೇಡ. ಆಂಟಿಗಳು ಬಂದಾಗ ಪಾಚಿ ಸರಿಸಿ ತೋರಿಸು. "ಫಸ್ಟ್ ಪ್ರೈಜ್ ನಿಂದೇ ಕಣೆ. ಬರೆದು ಕೊಡ್ತೀನಿ ಬೇಕಾದ್ರೆ."

ಸುಪ್ರಜಾಗೂ ಹಾಗೇ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ನಿಜಕ್ಕೂ ಹಾಗೇ ಅನ್ನಿಸಿತು. ಪ್ರೈಜ್ ತೆಗೆದುಕೊಂಡು, ಮೊಟ್ಟೆಗಳನ್ನು ನಾಳೆ ಮುನಿಯಕ್ಕನ ಕೈಗೆ ಕೊಟ್ಟರಾಯಿತು ಅಂದುಕೊಂಡಳು. ಸಮರ್ಥ ಹೋದ ಮೇಲೆ ಪಾಚಿಯನ್ನು ಒಂದೊಂದೇ ಎಳೆಯಾಗಿ ಮೊಟ್ಟೆಯ ಮೇಲೆ ಹರಡತೊಡಗಿದಳು. ಮೊದಲ ಸಲ ಸರಿಯಾಗಿ ಕೂರಲಿಲ್ಲ, ಒಂದು ಮೊಟ್ಟೆಯ ತುದಿ ಕಾಣುತ್ತಿತ್ತು. ತೆಗೆದು ಮತ್ತೆ ಹಾಕಿದಳು. ಉದ್ದದ ಎಳೆ ಕೆಳಗೆ, ಸಣ್ಣದು ಮೇಲೆ, ಅಡ್ಡ ಒಂದು, ಉದ್ದ ಒಂದು.

ಅವಳ ಕೈ ಅಲ್ಲೇ ನಿಂತಿತು.

ಪಾಚಿ ತಾನಾಗಿ ಹೀಗೆ ಕೂರುವುದಿಲ್ಲ. ಬೆಳಿಗ್ಗೆ ಯಾರೋ ಇದನ್ನು ಹೀಗೇ, ಒಂದೊಂದೇ ಎಳೆಯಾಗಿ, ಏನೂ ಕಾಣದ ಹಾಗೆ ಹೊದಿಸಿದ್ದರು. ಕೆಳಗಿನ ಎಳೆಗಳೂ ಜೊಂಡಿಗೆ ಸಿಕ್ಕಿಹಾಕಿಕೊಂಡಿರಲಿಲ್ಲ. ಯಾರೋ ಕಟ್ಟಿದ್ದರು.

ಟಿರ್ರ್ರ್ ಅಂತ ಕೂಗಿದ್ದು ಆಟಕ್ಕಲ್ಲ. ಅಷ್ಟು ಹತ್ತಿರ ಬಂದಿದ್ದೂ ಆಟಕ್ಕಲ್ಲ. ತಾನು ಅದಕ್ಕೆ ಟಾಟಾ ಬೇರೆ ಮಾಡಿದ್ದಳು. ನೆನೆಸಿಕೊಂಡು ಸುಪ್ರಜಾಗೆ ಎಷ್ಟು ನಾಚಿಕೆಯಾಯಿತೆಂದರೆ, ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಗೊತ್ತಾಗಲಿಲ್ಲ.

ನೇರ ಅಡುಗೆಮನೆಗೆ ಹೋದಳು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಬರುವವರಿಗೆ ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ಸುಪ್ರಜಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಟಾಟಾ ಮಾಡಿದ್ದನ್ನೂ ಬಿಡಲಿಲ್ಲ. 'ಮೊಟ್ಟೆ' ಅನ್ನುವ ಪದ ಬಂದಾಗ ಅಜ್ಜಿಯ ಕೈಯ ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು.

ಬೈಗುಳ ಬರುತ್ತದೆ ಅಂತ ಕಾದಳು. ಅಜ್ಜಿ ಒಲೆ ಆರಿಸಿ, ಹೊರಗೆ ಬಂದು, ಪರಾತದ ಮುಂದೆ ಬಗ್ಗಿದಳು. ಪಾಚಿಯ ಅಂಚು ಸರಿಸಿದಳು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಅಜ್ಜಿ ಎರಡು ಬೆರಳಿಂದ ಒಂದನ್ನು ಮೆಲ್ಲಗೆ ಮುಟ್ಟಿ ನೋಡಿದಳು.

"ಎಷ್ಟು ಹೊತ್ತಾಯ್ತು ಎತ್ಕೊಂಡು?"

"ಹನ್ನೆರಡಕ್ಕೆ ಅಜ್ಜಿ."

"ಇನ್ನೂ ಪೂರ್ತಿ ತಣ್ಣಗಾಗಿಲ್ಲ," ಎಂದಳು ಅಜ್ಜಿ. ಆಮೇಲೆ ಒಳಗಿನ ರೂಮಿನ ಕಡೆ ತಿರುಗಿ ಅಪ್ಪನನ್ನು ಕೂಗಿದಳು. "ಮಧೂ, ಮಲಗಿದ್ದು ಸಾಕು. ಸ್ಕೂಟರ್ ತೆಗಿ."

ಅಮ್ಮನಿಗೆ ಗಾಬರಿ. ಐದಕ್ಕೆ ಅವರು ಬರುತ್ತಾರೆ, ಪಾರ್ಕ್ ಮಾಡಿದವಳೇ ಇಲ್ಲದಿದ್ದರೆ ಪ್ರೈಜ್ ಲಿಸ್ಟಿಗೆ ಹೆಸರೇ ಹಾಕಿಕೊಳ್ಳುವುದಿಲ್ಲ, ಅಪ್ಪ ಒಬ್ಬರೇ ಹೋಗಿ ಬಿಟ್ಟು ಬರಲಿ ಅಂದಳು. ಆದರೆ ಅದು ಯಾವ ಜಾಗ ಅಂತ ಗೊತ್ತಿದ್ದದ್ದು ಸುಪ್ರಜಾಗೆ ಮಾತ್ರ. ಮುನಿಯಕ್ಕನಿಗೂ ಗೊತ್ತಿರಲಿಲ್ಲ.

ಸುಪ್ರಜಾ ತನ್ನ ಪರಾತದ ಕೆರೆಯನ್ನು ಒಂದು ಸಲ ನೋಡಿದಳು. ದ್ವೀಪವನ್ನು ಎರಡೂ ಕೈಯಲ್ಲಿ ಎತ್ತಿ ಬೇಸಿನ್‌ನಲ್ಲಿಟ್ಟು ತಾವರೆ ಎಲೆ ಮುಚ್ಚಿದಳು.

ದಾರಿಯಲ್ಲೇ, ಗಾಂಧಿಬಜಾರಿನ ಮೂಲೆಯಲ್ಲಿ ಮುನಿಯಕ್ಕ ಸೇವಂತಿಗೆ ರಾಶಿಯ ಹಿಂದೆ ಕೂತಿದ್ದಳು. ಎಲೆ ಎತ್ತಿ, ಪಾಚಿ ಸರಿಸಿ ನೋಡಿದಳು.

"ಗುಳುಮುಳುಕನ ಗೂಡು," ಎಂದಳು. "ಮೇವಿಗೆ ಹೋಗುವಾಗ ಹಿಂಗೆ ಮುಚ್ಚಿಟ್ಟು ಹೋಗ್ತೈತೆ, ಕಾಗೆ ಕಣ್ಣಿಗೆ ಕಸ ಅನ್ನಿಸ್ಲಿ ಅಂತ. ಜೊಂಡು ಕೊಯ್ಯೋ ಭರದಲ್ಲಿ ನಿನ್ನ ಕಡೆ ನೋಡ್ಲಿಲ್ಲ ನಾನು."

ಹಕ್ಕಿ ಮತ್ತೆ ಒಪ್ಪಿಕೊಳ್ಳುತ್ತದಾ ಅಂತ ಸುಪ್ರಜಾ ಕೇಳಿದಳು. ಮುನಿಯಕ್ಕ ಗೂಡಿನ ಅಡಿಯ ಎಳೆಗಳನ್ನು ಬೆರಳಿಂದ ಬಿಡಿಸಿ ನೋಡಿದಳು. ಅದೇ ಜಾಗಕ್ಕೆ ಕಟ್ಟಬೇಕು, ಒಂದು ಗೇಣು ಆಚೀಚೆ ಆಗಬಾರದು ಅಂದಳು. ಹೂ ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರಿನಲ್ಲಿ ಒಂದು ಹಿಡಿ ತೆಗೆದು ಅವಳ ಕೈಗಿಟ್ಟಳು.

ಅಪ್ಪ ಬ್ಯಾಂಕಿಗೆ ಹೋಗುವಾಗಲೂ ಅಷ್ಟು ಜೋಪಾನವಾಗಿ ಸ್ಕೂಟರ್ ಓಡಿಸಿದವನಲ್ಲ. ಗುಂಡಿ ಕಂಡರೆ ನಿಲ್ಲಿಸಿ, ಕಾಲು ಊರಿ ದಾಟಿಸುತ್ತಿದ್ದ. ಹಿಂದೆ ಸುಪ್ರಜಾ ಬೇಸಿನ್ನನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಮುಟ್ಟಿ ನೋಡಲು ಭಯ. ಮುಟ್ಟದೆ ಇರಲೂ ಭಯ.

ಕೆರೆಗೆ ಬಂದಾಗ ಬಿಸಿಲು ಓರೆಯಾಗಿತ್ತು. ಜೊಂಡಿನ ತುದಿಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಅಪ್ಪ ಪ್ಯಾಂಟು ಮಡಿಸಿಕೊಂಡು ನೀರಿಗೆ ಕಾಲಿಟ್ಟು, ತಕ್ಷಣ ಕಾಲೆತ್ತಲು ಹೋದ.

"ಎತ್ಬೇಡ ಅಪ್ಪ. ಜಾರಿಸ್ಕೊಂಡು ಬಾ," ಎಂದಳು ಸುಪ್ರಜಾ.

ಒಣ ಜಾಲಿಮರ. ಅದರ ಎಡಕ್ಕೆ ಎರಡು ಹೆಜ್ಜೆ. ನೀರಿನ ಮಟ್ಟದಲ್ಲಿ ಸವೆದು ಕಂದಾಗಿದ್ದ ನಾಲ್ಕು ಜೊಂಡಿನ ದಂಟು ಅಲ್ಲೇ ಇದ್ದವು, ನಡುವೆ ಖಾಲಿ ಜಾಗ. ಅಪ್ಪ ಗೂಡನ್ನು ಹಿಡಿದುಕೊಂಡ. ಸುಪ್ರಜಾ ಬಾಳೆನಾರಿನಿಂದ ಒಂದೊಂದೇ ದಂಟಿಗೆ ಕಟ್ಟಿದಳು. ಬಿಗಿಯಾಗಿ ಕಟ್ಟಲಿಲ್ಲ, ನೀರು ಏರಿದರೆ ಗೂಡೂ ಏರಬೇಕಲ್ಲ. ಮೇಲಿನ ಪಾಚಿ ಸರಿಮಾಡಿ, ಇಬ್ಬರೂ ಹಿಂದೆ ಹಿಂದೆ ಜಾರುತ್ತಾ ದಡಕ್ಕೆ ಬಂದು, ಹುಲ್ಲಿನಲ್ಲಿ ಕೂತರು.

ಗುಳುಮುಳುಕ ಎಲ್ಲೂ ಇರಲಿಲ್ಲ.

ಜಂಬುಕೋಳಿಗಳು ಬಂದವು, ಹೋದವು. ಬೆಳ್ಳಕ್ಕಿಗಳು ಹತ್ತು, ಇಪ್ಪತ್ತು, ಗುಂಪು ಗುಂಪಾಗಿ ಮರಕ್ಕೆ ಮರಳುತ್ತಿದ್ದವು. ಬೇರೆ ಹೊತ್ತಿನಲ್ಲಾಗಿದ್ದರೆ ಸುಪ್ರಜಾ ಎದ್ದು ಕುಣಿಯುತ್ತಿದ್ದಳು, ಅಷ್ಟು ಚೆಂದವಿತ್ತು. ಅಪ್ಪ ಗಡಿಯಾರ ನೋಡಿದ. ಐದು ದಾಟಿತ್ತು. ಅವರೆಲ್ಲ ಈಗ ನಮ್ಮ ಮನೆಗೆ ಬಂದಿರುತ್ತಾರೆ ಅಂದ. ಅವಳು ಹೂಂ ಅಂದಳು, ಕಣ್ಣು ಜಾಲಿಮರದ ಹತ್ತಿರವೇ ಇತ್ತು.

ಆಗ ನೀರಿನಲ್ಲಿ ಟುಪುಕ್ ಅಂತ ಏನೋ ಎದ್ದಿತು.

ಬಾಲವಿಲ್ಲದ ಕಂದು ಹಕ್ಕಿ. ಗೂಡಿನ ಕಡೆ ನೋಡಿತು. ಟಿರ್ರ್ರ್ ಅಂತ ಒಂದೇ ಸಲ ಕೂಗಿ ಮುಳುಗಿತು. ಸುಪ್ರಜಾ ಉಸಿರು ಬಿಗಿಹಿಡಿದು ಎಣಿಸಿದಳು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಹಕ್ಕಿ ಗೂಡಿನ ಆಚೆ ಬದಿಯಲ್ಲಿ ಎದ್ದಿತು. ಒಂದು ಸುತ್ತು ಬಂತು. ಬಾಳೆನಾರನ್ನು ಕೊಕ್ಕಿನಿಂದ ಎಳೆದು ನೋಡಿತು. ಮತ್ತೆ ಮುಳುಗಿತು. ಈ ಸಲ ಎಣಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಎದ್ದಾಗ ಅದು ಗೂಡಿನ ಅಂಚಿಗೇ ಎದ್ದಿತು. ಒದ್ದೆ ಮೈಯಲ್ಲಿ ಮೇಲೆ ಹತ್ತಿ, ಕೊಕ್ಕಿನಿಂದ ಪಾಚಿಯನ್ನು ಒಂದೊಂದೇ ಎಳೆಯಾಗಿ ಪಕ್ಕಕ್ಕೆ ಸರಿಸಿತು. ಉದ್ದದ್ದು ಆಚೆ, ಸಣ್ಣದು ಈಚೆ. ಆಮೇಲೆ ಮೈ ಅಲ್ಲಾಡಿಸಿ, ಜಾಗ ಮಾಡಿಕೊಂಡು ಕೂತಿತು.

ಅಪ್ಪ ಅವಳ ತಲೆ ಮೇಲೆ ಕೈ ಇಟ್ಟ. ಇಬ್ಬರೂ ಹುಲ್ಲಿನಲ್ಲಿ ಸದ್ದಾಗದ ಹಾಗೆ ಎದ್ದು ಬಂದರು. ಸುಪ್ರಜಾ ಈ ಸಲ ಟಾಟಾ ಮಾಡಲಿಲ್ಲ.

ಪ್ರೈಜ್ ಮತ್ತೆ ಸಮರ್ಥನಿಗೇ ಬಂತು. ಅವನು ಅದನ್ನು ತೋರಿಸಲು ಬಂದವನು, ತೋರಿಸುವುದನ್ನು ಮರೆತು, ಹಕ್ಕಿ ಕೂತ ಕತೆಯನ್ನು ಮೂರು ಸಲ ಹೇಳಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಮುನಿಯಕ್ಕ ಸೊಪ್ಪಿನ ಮಂಕರಿಯೊಂದಿಗೆ ಬಂದಳು. ವಿಷಯ ಕೇಳಿ ತಿಳಿದುಕೊಂಡು, ಪರಾತದ ಮುಂದೆ ನಿಂತಳು. ಜೊಂಡು ಇತ್ತು, ಕೆಸರು ಇತ್ತು. ಬಸವನಹುಳು ಎರಡಾಗಿತ್ತು. ವಾಸನೆಯಂತೂ ಹಜಾರದ ತುಂಬ ಇತ್ತು. ನಡುವೆ ಮಾತ್ರ ಬರಿಯ ನೀರು.

"ಈಗ ಕೆರೆ ಥರ ಐತೆ," ಎಂದಳು ಮುನಿಯಕ್ಕ. "ಗುಳುಮುಳುಕ ಎಲ್ಲವ್ವ?"

ಸುಪ್ರಜಾ ಆ ಬರಿಯ ನೀರನ್ನು ತೋರಿಸಿದಳು.

"ಈಗ ತಾನೇ ಮುಳುಗಿತು ಮುನಿಯಕ್ಕ."

ಮುನಿಯಕ್ಕ ನಗಲಿಲ್ಲ. ಮಂಕರಿ ಕೆಳಗಿಟ್ಟು, ಪರಾತದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸುಪ್ರಜಾಳೂ ಕೂತಳು. ಇಬ್ಬರೂ ನೀರನ್ನೇ ನೋಡುತ್ತಾ ಒಂದು, ಎರಡು, ಮೂರು ಅಂತ ಎಣಿಸತೊಡಗಿದರು.